ಪಾಲಿಕೆ ಟೆಂಡರ್ ಕೈತಪ್ಪಿದಾಗ ಕೋರ್ಟ್ ನೋಡುವುದು ಏನನ್ನು?

ಆಡಳಿತ ಕಾನೂನು ಓದುತ್ತಿರುವವರಿಗೆ ಈ ಟಿಪ್ಪಣಿ. ಇಎಂಡಿ (ಟೆಂಡರ್ ಜೊತೆ ಇಡುವ ಠೇವಣಿ), ಎಲ್1 (ಅತಿ ಕಡಿಮೆ ದರ ಹೇಳಿದವರು), ಎರಡು ಲಕೋಟೆ ಪದ್ಧತಿ (ಅರ್ಹತೆಯ ದಾಖಲೆ ಒಂದರಲ್ಲಿ, ದರ ಇನ್ನೊಂದರಲ್ಲಿ) ಇವೆಲ್ಲ ನಿಮಗೆ ಗೊತ್ತು ಅಂದುಕೊಂಡು ಹೆಚ್ಚು ವಿವರಿಸದೆ ಬಿಟ್ಟಿದ್ದೇನೆ. ಗ್ರಾಮ ಪಂಚಾಯಿತಿ, ಪುರಸಭೆ ಅಥವಾ ಮಹಾನಗರ ಪಾಲಿಕೆ ಒಬ್ಬರಿಗೆ ಗುತ್ತಿಗೆ ಕೊಟ್ಟಾಗ, ಸಿಗದವರು ಅದನ್ನು ಎಲ್ಲಿ ಪ್ರಶ್ನಿಸಬಹುದು, ಯಾವ ವಾದ ನಿಲ್ಲುತ್ತದೆ, ಯಾವುದು ಬೀಳುತ್ತದೆ ಅನ್ನುವುದಷ್ಟೇ ಇಲ್ಲಿದೆ.

ಎಲ್ಲಿಗೆ ಹೋಗಬೇಕು

ಕರ್ನಾಟಕದಲ್ಲಿ ಮೊದಲು ನೋಡಬೇಕಾದ್ದು 1999ರ ಕೆಟಿಪಿಪಿ ಕಾಯ್ದೆ, ಅಂದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. ಸ್ಥಳೀಯ ಸಂಸ್ಥೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಟೆಂಡರ್ ಅಂಗೀಕರಿಸುವ ಆದೇಶ ಬರುವುದು 13ನೇ ಕಲಂ ಅಡಿ. ಅದರಿಂದ ಬಾಧಿತನಾದ ಟೆಂಡರುದಾರ ಆದೇಶ ಕೈಸೇರಿದ 30 ದಿನದೊಳಗೆ 16ನೇ ಕಲಂ ಅಡಿ ಮೇಲ್ಮನವಿ ಹಾಕಬಹುದು. ಈ ದಾರಿ ಇದ್ದಾಗ ಅದನ್ನು ಬಿಟ್ಟು ನೇರ ಹೈಕೋರ್ಟಿಗೆ ಹೋದರೆ, 'ಪರ್ಯಾಯ ಪರಿಹಾರ ಇತ್ತಲ್ಲ' ಅನ್ನುವ ಪ್ರಶ್ನೆ ಮೊದಲೇ ಎದುರಾಗುತ್ತದೆ.

ಎರಡು ಕಡೆ ಎಚ್ಚರ ಬೇಕು. ಅಂಗೀಕರಿಸಿದ್ದು ಸರ್ಕಾರವೇ ಆಗಿದ್ದರೆ 16ನೇ ಕಲಂ ಮೇಲ್ಮನವಿ ಇಲ್ಲ. ಇದೇ ಕಾಯ್ದೆಯ 4(ಜಿ) ಕಲಂ ಅಡಿ ಸರ್ಕಾರದಿಂದ ವಿನಾಯಿತಿ ಪಡೆದು, ಟೆಂಡರನ್ನೇ ಕರೆಯದೆ ನೇರವಾಗಿ ಕೆಲಸ ಕೊಟ್ಟಿದ್ದರೂ ಈ ಮೇಲ್ಮನವಿ ಉಪಯೋಗಕ್ಕೆ ಬರುವುದಿಲ್ಲ. ಟೆಂಡರೇ ಇಲ್ಲದ ಮೇಲೆ ಟೆಂಡರುದಾರ ಎಲ್ಲಿಂದ ಬಂದ? ಆಗ ಉಳಿಯುವುದು ಸಂವಿಧಾನದ 226ನೇ ವಿಧಿಯ ರಿಟ್ (ಹೈಕೋರ್ಟಿಗೆ ನೇರವಾಗಿ ಹಾಕುವ ಅರ್ಜಿ), ಅದರೊಳಗೆ 14ನೇ ವಿಧಿಯ ಸಮಾನತೆಯ ವಾದ.

ತೀರ್ಮಾನ ಬೇರೆ, ತೀರ್ಮಾನಕ್ಕೆ ಬಂದ ರೀತಿ ಬೇರೆ

ಇಡೀ ವಿಷಯದಲ್ಲಿ ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ. ಅದಕ್ಕೇ ಇದನ್ನು ಎಳೆಎಳೆಯಾಗಿ ಬಿಡಿಸುತ್ತೇನೆ.

1994ರ ಟಾಟಾ ಸೆಲ್ಯುಲರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಟೆಂಡರ್ ವಿಷಯದಲ್ಲಿ ಕೋರ್ಟ್ ಮೇಲ್ಮನವಿ ಪ್ರಾಧಿಕಾರದ ಹಾಗೆ ಕೂರುವುದಿಲ್ಲ, ತೀರ್ಮಾನ ಮಾಡಿದ ರೀತಿಯನ್ನು ಮಾತ್ರ ಪರಿಶೀಲಿಸುತ್ತದೆ. ಓದುವಾಗ ಸರಳ ಅನ್ನಿಸುತ್ತದೆ. ಸಮಸ್ಯೆಯ ಪ್ರಶ್ನೆ ಬಿಡಿಸಲು ಕೂತಾಗ ಎರಡೂ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ನಮ್ಮ ಬೋರ್ಡ್ ಪರೀಕ್ಷೆಯ ಅಂಕಗಳ ಮರುಎಣಿಕೆ ಮತ್ತು ಮರುಮೌಲ್ಯಮಾಪನ ನೆನಪಿಸಿಕೊಳ್ಳಿ. ಕೂಡಿದ್ದು ಸರಿ ಇದೆಯಾ, ಯಾವುದಾದರೂ ಉತ್ತರ ಬಿಟ್ಟುಹೋಗಿದೆಯಾ ಅಂತ ನೋಡುವುದು ಮರುಎಣಿಕೆ. ಆ ಉತ್ತರಕ್ಕೆ ಎಷ್ಟು ಅಂಕ ಕೊಡಬೇಕಿತ್ತು ಅಂತ ಹೊಸದಾಗಿ ಅಳೆಯುವುದು ಮರುಮೌಲ್ಯಮಾಪನ. ರಿಟ್ ಕೋರ್ಟ್ ಮಾಡುವುದು ಮೊದಲನೆಯದನ್ನು.

ಈಗ ಒಂದು ಕಾಲ್ಪನಿಕ ಉದಾಹರಣೆ. ಪಾಲಿಕೆಯೊಂದು ಚರಂಡಿ ಕಾಮಗಾರಿಗೆ ಟೆಂಡರ್ ಕರೆದಿದೆ. ಕಳೆದ 5 ವರ್ಷದಲ್ಲಿ ಇದೇ ಬಗೆಯ ಒಂದು ಕೆಲಸ ಮುಗಿಸಿರಬೇಕು ಅನ್ನುವುದು ಷರತ್ತು. ಕೆಲಸ 'ಖ'ನಿಗೆ ಸಿಕ್ಕಿದೆ, 'ಕ' ಪ್ರಶ್ನಿಸುತ್ತಾನೆ.

'ಕ'ನ ವಾದ ಹೀಗಿದೆ ಅನ್ನಿ: 'ಖ ಮಾಡಿದ್ದು ರಸ್ತೆ ಕೆಲಸ, ಅದರೊಳಗೆ ಸ್ವಲ್ಪ ಚರಂಡಿ ಇತ್ತು ಅಷ್ಟೆ. ಅದನ್ನು ಇದೇ ಬಗೆಯ ಕೆಲಸ ಅನ್ನಲಾಗದು.' ಇದು ತೀರ್ಮಾನದ ಮೇಲಿನ ಜಗಳ. ಯಾವ ಕೆಲಸ ಇದೇ ಬಗೆಯದು ಅಂತ ಅಳೆಯುವುದು ಎಂಜಿನಿಯರುಗಳ ಕೆಲಸ. ಅಷ್ಟೇ ಅಲ್ಲ, ಷರತ್ತು ಬರೆದವರಿಗೇ ಅದರ ಅರ್ಥ ಚೆನ್ನಾಗಿ ಗೊತ್ತಿರುತ್ತದೆ ಅಂತ 2016ರಲ್ಲಿ ನಾಗಪುರ ಮೆಟ್ರೋಗೆ ಸಂಬಂಧಿಸಿದ ಆಫ್ಕಾನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಾಲಿಕೆ ಕೊಟ್ಟ ಅರ್ಥ ಕೋರ್ಟಿಗೆ ಹಿಡಿಸದೇ ಇರಬಹುದು. ಆದರೂ ಅದರಲ್ಲಿ ದುರುದ್ದೇಶವೋ ತೀರಾ ವಿಪರೀತವೋ ಕಾಣದಿದ್ದರೆ ಕೋರ್ಟ್ ಕೈಹಾಕುವುದಿಲ್ಲ. ಈ ವಾದ ಬಹುಪಾಲು ಬೀಳುತ್ತದೆ.

ವಾದವನ್ನು ಬದಲಿಸೋಣ. 'ಖನ ಅನುಭವ ಪ್ರಮಾಣಪತ್ರ 8 ವರ್ಷ ಹಿಂದಿನದು.' ಇಲ್ಲಿ ಯಾರ ಅಭಿಪ್ರಾಯವೂ ಬೇಕಿಲ್ಲ. ಷರತ್ತು 5 ವರ್ಷ ಅನ್ನುತ್ತದೆ, ಕಾಗದ 8 ಅನ್ನುತ್ತದೆ. ಪಾಲಿಕೆ ತಾನೇ ಹಾಕಿದ ಗೆರೆಯನ್ನು ತಾನೇ ದಾಟಿದೆ. ಲಕೋಟೆ ತೆರೆದ ಮೇಲೆ ಷರತ್ತು ಬದಲಿಸಿದರು, ಒಬ್ಬರಿಗೆ ಮಾತ್ರ ದಾಖಲೆ ಸರಿಪಡಿಸಲು ಅವಕಾಶ ಕೊಟ್ಟರು, ಈ ವಾದಗಳೂ ಇದೇ ಸಾಲಿಗೆ ಸೇರುತ್ತವೆ.

ನಾನು ಇಟ್ಟುಕೊಂಡಿರುವ ಕೀಲಿ ಹೀಗಿದೆ. ಒಂದು ಕೈಯಲ್ಲಿ ಟೆಂಡರ್ ದಾಖಲೆ, ಇನ್ನೊಂದು ಕೈಯಲ್ಲಿ ಪರಿಶೀಲನಾ ಸಮಿತಿಯ ವರದಿ ಹಿಡಿಯಿರಿ. ಸುಮ್ನೆ ಓದಿದರೇ ತಪ್ಪು ಕಾಣುತ್ತದಾ? ಹಾಗಾದರೆ ಅದು ರೀತಿಯ ತಪ್ಪು. ತಪ್ಪನ್ನು ತೋರಿಸಲು ಪರಿಣತರನ್ನು ಕರೆಸಬೇಕಾ? ಹಾಗಾದರೆ ಅದು ತೀರ್ಮಾನದ ಜಗಳ. ಹತ್ತರಲ್ಲಿ ಎಂಟು ಪ್ರಶ್ನೆ ಇದರಿಂದಲೇ ಬಿಡಿಸಿಕೊಳ್ಳುತ್ತವೆ.

ಕೀಲಿ ಕೈಕೊಡುವ ಜಾಗವೂ ಇದೆ. ಕಾಗದದಲ್ಲಿ ವ್ಯತ್ಯಾಸ ಎದ್ದು ಕಂಡರೂ ಎಲ್ಲ ಷರತ್ತಿಗೂ ಒಂದೇ ತೂಕ ಇಲ್ಲ. 1991ರ ಪೋದ್ದಾರ್ ಸ್ಟೀಲ್ ಪ್ರಕರಣದಲ್ಲಿ ಇಎಂಡಿಯನ್ನು ನಗದಾಗಿ ಅಥವಾ ಸ್ಟೇಟ್ ಬ್ಯಾಂಕ್ ಡಿಮ್ಯಾಂಡ್ ಡ್ರಾಫ್ಟಿನಲ್ಲಿ ಕೊಡಬೇಕಿತ್ತು. ಕೊಟ್ಟದ್ದು ಯೂನಿಯನ್ ಬ್ಯಾಂಕಿನ ಚೆಕ್, ಅದೂ ಬ್ಯಾಂಕೇ ಪ್ರಮಾಣೀಕರಿಸಿದ್ದು. ಹಣ ಭದ್ರವಾಗಿಯೇ ಇತ್ತು. ಅರ್ಹತೆಯನ್ನು ನಿರ್ಧರಿಸುವ ಮೂಲ ಷರತ್ತು ಬೇರೆ, ಅದಕ್ಕೆ ಪೂರಕವಾದ ಷರತ್ತು ಬೇರೆ, ಎರಡನೆಯದನ್ನು ಪ್ರಾಧಿಕಾರ ಸಡಿಲಿಸಬಹುದು ಅಂತ ಕೋರ್ಟ್ ಒಪ್ಪಿತು. ಹಾಗಾಗಿ ವ್ಯತ್ಯಾಸ ಕಂಡ ಕೂಡಲೇ 'ಗೆದ್ದೆ' ಅಂತ ಬರೆಯಬೇಡಿ. ಅದು ಯಾವ ಬಗೆಯ ಷರತ್ತು ಅಂತ ಒಂದು ಸಾಲು ಸೇರಿಸಿ.

ತಪ್ಪು ಸಾಬೀತಾದರೂ ಪರಿಹಾರ ಸಿಗದೇ ಇರಬಹುದು

ಸುಪ್ರೀಂ ಕೋರ್ಟಿನ ಜಗದೀಶ್ ಮಂಡಲ್ ತೀರ್ಪು (ವರದಿಯಾದದ್ದು 2007) ಕೋರ್ಟ್ ಕೈಹಾಕುವ ಮೊದಲು ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆ ಇಡುತ್ತದೆ. ಒಂದು, ಪ್ರಕ್ರಿಯೆ ಅಥವಾ ತೀರ್ಮಾನದಲ್ಲಿ ದುರುದ್ದೇಶ, ಪಕ್ಷಪಾತ ಅಥವಾ ಯಾವ ವಿವೇಕಿ ಪ್ರಾಧಿಕಾರವೂ ಮಾಡದಂಥ ಮನಸೋಇಚ್ಛೆ ಇದೆಯಾ? ಎರಡು, ಸಾರ್ವಜನಿಕ ಹಿತಕ್ಕೆ ಧಕ್ಕೆ ಆಗಿದೆಯಾ? ಮೊದಲನೆಯದಕ್ಕೆ 'ಹೌದು' ಬಂದ ಕೂಡಲೇ ಉತ್ತರ ಮುಗಿಸಿಬಿಡುವುದು ಸುಲಭ. ಎರಡನೆಯದನ್ನು ಬಿಡಬೇಡಿ.

ಇದಕ್ಕೆ ನನಗೆ ತುಂಬ ಇಷ್ಟವಾದ ಪ್ರಕರಣ 1979ರ ರಮಣ ದಯಾರಾಮ್ ಶೆಟ್ಟಿ. ಮುಂಬೈ ವಿಮಾನ ನಿಲ್ದಾಣದ ರೆಸ್ಟೋರೆಂಟ್ ಮತ್ತು ಸ್ನ್ಯಾಕ್ ಬಾರ್‌ಗಳ ಟೆಂಡರ್ ಅದು. 5 ವರ್ಷ ಅನುಭವ ಇರುವ ನೋಂದಾಯಿತ ಎರಡನೇ ದರ್ಜೆ ಹೋಟೆಲಿನವರು ಬೇಕು ಅಂತ ಪ್ರಕಟಣೆ. ಸಿಕ್ಕಿದ್ದು ಆ ಅರ್ಹತೆ ಇಲ್ಲದವರಿಗೆ. ಸರ್ಕಾರಿ ಸಂಸ್ಥೆ ತಾನು ಹೇಳಿದ ಮಾನದಂಡಕ್ಕೆ ತಾನೂ ಬದ್ಧ ಅನ್ನುವ ತತ್ವ ಗಟ್ಟಿಯಾಗಿ ನಿಂತದ್ದು ಇಲ್ಲಿಯೇ. ಆದರೆ ಗುತ್ತಿಗೆ ರದ್ದಾಗಲಿಲ್ಲ! ಅರ್ಜಿದಾರ ತಿಂಗಳುಗಟ್ಟಲೆ ತಡಮಾಡಿ ಬಂದಿದ್ದ, ಅಷ್ಟರಲ್ಲಿ ಗುತ್ತಿಗೆ ಪಡೆದವರು ಹಣ ಹೂಡಿದ್ದರು. ತತ್ವಕ್ಕಾಗಿ ಎಲ್ಲರೂ ಉಲ್ಲೇಖಿಸುವ ತೀರ್ಪಿನಲ್ಲಿ ಅರ್ಜಿದಾರನಿಗೆ ಸಿಕ್ಕ ಪರಿಹಾರ ಸೊನ್ನೆ. ತಡ ಅನ್ನುವುದು ಎಷ್ಟು ಭಾರ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಕರಣ ನನಗೆ ಗೊತ್ತಿಲ್ಲ.

ಷರತ್ತೇ ಸರಿ ಇಲ್ಲ ಅನ್ನುವವರೂ ಟೆಂಡರ್ ಹಾಕುವ ಮೊದಲೇ ಹೇಳಬೇಕು. ಭಾಗವಹಿಸಿ ಸೋತ ಮೇಲೆ ಅದೇ ಷರತ್ತನ್ನು ಬೈದರೆ ಕೇಳುವವರು ಕಡಿಮೆ.

ತಡೆಯಾಜ್ಞೆ

ಇಲ್ಲಿ 2018ರ ತಿದ್ದುಪಡಿ ಮುಖ್ಯ. ನಿರ್ದಿಷ್ಟ ಪರಿಹಾರ ಕಾಯ್ದೆಗೆ (ಸ್ಪೆಸಿಫಿಕ್ ರಿಲೀಫ್ ಆ್ಯಕ್ಟ್) 41(ಎಚ್‌ಎ) ಕಲಂ ಸೇರಿತು. ಮೂಲಸೌಕರ್ಯ ಯೋಜನೆಗೆ ಅಡ್ಡಿ ಅಥವಾ ವಿಳಂಬ ಆಗುವುದಾದರೆ ತಡೆಯಾಜ್ಞೆ ಕೊಡುವಂತಿಲ್ಲ ಅನ್ನುತ್ತದೆ ಅದು. ರಸ್ತೆ, ನೀರು, ನೈರ್ಮಲ್ಯ ಎಲ್ಲವೂ ಆ ಪಟ್ಟಿಯಲ್ಲಿವೆ. ಅಂದರೆ ಸ್ಥಳೀಯ ಸಂಸ್ಥೆಗಳ ಬಹಳಷ್ಟು ಕೆಲಸ ಒಳಗೇ ಬಂತು ಅಲ್ವಾ? ರಿಟ್ ಕೋರ್ಟುಗಳೂ ಇದನ್ನು ಮನಸ್ಸಿನಲ್ಲಿಡಬೇಕು ಅಂತ 2022ರ ಎನ್.ಜಿ. ಪ್ರಾಜೆಕ್ಟ್ಸ್ ತೀರ್ಪು ಹೇಳಿತು. ಅದು ಜಾರ್ಖಂಡಿನ ಒಂದು ರಸ್ತೆ ಕಾಮಗಾರಿಯ ವಿಷಯ. ಕೆಲಸ ನಿಲ್ಲಿಸುವ ಬದಲು, ಅನ್ಯಾಯ ಆದವರು ನಷ್ಟಪರಿಹಾರ ಕೇಳಲಿ ಅನ್ನುವ ಒಲವು ಅದರಲ್ಲಿ ಸ್ಪಷ್ಟ. ಇದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕೈಗೆ ಬಾರದ ಕೆಲಸದಲ್ಲಿ ಎಷ್ಟು ಲಾಭ ಬರುತ್ತಿತ್ತು ಅಂತ ಸಣ್ಣ ಗುತ್ತಿಗೆದಾರ ಸಾಬೀತು ಮಾಡುವುದು ಹೇಗೆ?

ಇದನ್ನೆಲ್ಲ ಓದಿ 'ಕೋರ್ಟ್ ಮುಟ್ಟುವುದೇ ಇಲ್ಲ' ಅಂದುಕೊಳ್ಳಬೇಡಿ. 2024ರ ಸುಬೋಧ್ ಕುಮಾರ್ ಸಿಂಗ್ ರಾಥೋಡ್ ಪ್ರಕರಣವನ್ನು ಪಕ್ಕದಲ್ಲಿಟ್ಟು ಓದಿ. ಕೋಲ್ಕತ್ತಾ ಮಹಾನಗರ ಅಭಿವೃದ್ಧಿ ಪ್ರಾಧಿಕಾರ ಅಂಡರ್‌ಪಾಸ್ ನಿರ್ವಹಣೆಯ ಟೆಂಡರನ್ನು ಕೊಟ್ಟು, ಆಮೇಲೆ ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ ಕಡತ ತೆರೆದು ನೋಡಿ, ರದ್ದತಿಯೇ ಮನಸೋಇಚ್ಛೆಯದ್ದು ಅಂತ ಅದನ್ನು ತೆಗೆದುಹಾಕಿತು.

ಉತ್ತರ ಬರೆಯುವಾಗ ಕೋರಿಕೆಯ ಸಾಲನ್ನು ಹುಷಾರಾಗಿ ಬರೆಯಿರಿ. 'ಗುತ್ತಿಗೆ ನನಗೇ ಕೊಡಿಸಿ' ಅಂತ ಕೇಳಿದರೆ ಸಿಗುವುದು ಅಪರೂಪ. ಆದೇಶ ರದ್ದುಮಾಡಿ, ಷರತ್ತಿನ ಪ್ರಕಾರ ಹೊಸದಾಗಿ ಪರಿಶೀಲಿಸಲು ಹೇಳಿ ಅನ್ನುವುದೇ ಸಾಮಾನ್ಯವಾಗಿ ನಿಲ್ಲುವ ಕೋರಿಕೆ.