ಉಕ್ಕಿನ ಮೇಲಿನ ಸೀಸದ ಬಣ್ಣ: ಕೆರೆಯುವ ಮುಂಚೆ ಒಂದಿಷ್ಟು ಮಾತು

ಹಳೆಯ ಉಕ್ಕಿನ ಸೇತುವೆಯಲ್ಲಿ ಬಣ್ಣ ಚಕ್ಕೆ ಎದ್ದ ಕಡೆ ಅಡಿಯಲ್ಲಿ ಕಿತ್ತಳೆ-ಕೆಂಪು ಪದರ ಕಂಡರೆ ಅದು ರೆಡ್ ಲೆಡ್ ಇರಬಹುದು. ಸೀಸದ ಆಕ್ಸೈಡ್ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಬಳಿಯುತ್ತಿದ್ದ ಪ್ರೈಮರ್, ಅಂದರೆ ಬಣ್ಣದ ಅಡಿಯ ಮೊದಲ ಪದರ, ಅದು. ಎಣ್ಣೆಯ ಆಮ್ಲದ ಜೊತೆ ಸೀಸ ಸೇರಿ ಆಗುವ ಲವಣಗಳು ತುಕ್ಕನ್ನು ತಡೆಯುತ್ತವೆ. ನಿಜ ಹೇಳಬೇಕೆಂದರೆ ತುಂಬಾ ಒಳ್ಳೆ ಪ್ರೈಮರ್, ಅದಕ್ಕೇ ಅಷ್ಟೊಂದು ಕಡೆ ಬಳಿದರು. ಆದರೆ ಬಣ್ಣ ನೋಡಿ ತೀರ್ಮಾನಿಸಬೇಡಿ. ಕೆಂಪಗಿರುವುದು ಬರೀ ಕಬ್ಬಿಣದ ಆಕ್ಸೈಡ್ ಆಗಿರಬಹುದು, ಹಳದಿಯಲ್ಲೂ ಸೀಸವಿರುವ ಲೆಡ್ ಕ್ರೋಮೇಟ್ ಇರಬಹುದು. ಚೂರು ಕೆರೆದು ಲ್ಯಾಬಿಗೆ ಕಳಿಸಬೇಕು.

ಸೀಸ ವಿಷ, ಆದರೂ ಗಟ್ಟಿಯಾಗಿ ಅಂಟಿಕೊಂಡಿರುವ ಬಣ್ಣ ತನ್ನ ಪಾಡಿಗೆ ಇರುತ್ತದೆ. ತೊಂದರೆ ಶುರುವಾಗುವುದು ನಾವು ಕೈ ಹಾಕಿದಾಗ.

ಎಲ್ಲಕ್ಕಿಂತ ಕೆಟ್ಟದ್ದು ಬೆಂಕಿ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಗ್ಯಾಸ್ ಕಟಿಂಗ್ ಜ್ವಾಲೆಯೋ 3000 ಡಿಗ್ರಿ ದಾಟುತ್ತದೆ, ಹಾಗಾಗಿ ಬಣ್ಣದ ಮೇಲೆಯೇ ಕತ್ತರಿಸಿದರೆ ಅದರಲ್ಲಿರುವ ಸೀಸ ಹೊಗೆಯಾಗಿ ಸೀದಾ ಶ್ವಾಸಕೋಶದ ಆಳಕ್ಕೆ ಇಳಿದು ರಕ್ತ ಸೇರುತ್ತದೆ. ಆಮೇಲೆ ಮೂಳೆಯಲ್ಲಿ ವರ್ಷಗಟ್ಟಲೆ ಕೂರುತ್ತದೆ. ಕತ್ತರಿಸುವ ಗೆರೆಯ ಎರಡೂ ಕಡೆ ಹತ್ತು ಸೆಂಟಿಮೀಟರಾದರೂ ಬಣ್ಣ ತೆಗೆದು ಆಮೇಲೆ ಜ್ವಾಲೆ ಹಿಡಿಯಿರಿ. ಕೆಲಸದ ಜಾಗದ ಗಾಳಿಗೆ ಅಮೆರಿಕದ ನಿಯಮ ಹಾಕಿದ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ, ಘನ ಮೀಟರಿಗೆ 50 ಮೈಕ್ರೋಗ್ರಾಂ. ಲೆಕ್ಕ ಹಾಕಿ ನೋಡಿ: ಒಂದೇ ಒಂದು ಗ್ರಾಂ ಸೀಸ 20,000 ಘನ ಮೀಟರ್ ಗಾಳಿಯನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ! ಬಟ್ಟೆಯ ಮಾಸ್ಕ್ ಇಲ್ಲಿ ಸುಮ್ನೆ ಸಮಾಧಾನಕ್ಕೆ ಅಷ್ಟೆ.

ಒಣ ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಮರಳಿನಂಥ ಹರಳು ಹೊಡೆದು ಬಣ್ಣ ಕೀಳುವುದು, ಬೇಗ ಮುಗಿಯುತ್ತದೆ, ಧೂಳೂ ಅಷ್ಟೇ ಜಾಸ್ತಿ. ಸುತ್ತ ಮುಚ್ಚಿ, ಒಳಗಿನ ಗಾಳಿಯನ್ನು ಫಿಲ್ಟರ್ ಮೂಲಕ ಹೊರಗೆಳೆದರೆ ಮಾತ್ರ ಮಾಡಬಹುದು. ಸಣ್ಣ ಜಾಗಕ್ಕೆ ಹೆಪಾ ಫಿಲ್ಟರಿನ (ಅತಿ ನುಣ್ಣನೆ ಧೂಳನ್ನೂ ಹಿಡಿಯುವಂಥದ್ದು) ವ್ಯಾಕ್ಯೂಮ್ ಜೋಡಿಸಿದ ಗ್ರೈಂಡರ್ ಸಾಕು, ಇಲ್ಲವೇ ಒದ್ದೆ ಮಾಡಿ ಕೆರೆಯಬಹುದು.

ಪೂರ್ತಿ ತೆಗೆಯಲೇಬೇಕಾ? ನನ್ನ ಮಟ್ಟಿಗೆ, ತುಕ್ಕು ಅಲ್ಲಲ್ಲಿ ಮಾತ್ರ ಇದ್ದರೆ ಅಷ್ಟನ್ನೇ ಸರಿಮಾಡಿ ಮೇಲೆ ಹೊಸ ಬಣ್ಣ ಹೊಡೆಯುವುದೇ ಜಾಣತನ. ಒಂದು ಅಪಾಯ ಇದೆ: ಹೊಸ ಪದರ ಒಣಗುವಾಗ ಕುಗ್ಗಿ ಹಳೆಯದನ್ನು ಎಳೆಯುತ್ತದೆ, ಹಿಡಿತ ಸಡಿಲಾಗಿದ್ದರೆ ಎರಡೂ ಒಟ್ಟಿಗೆ ಹಾಳೆಯ ಹಾಗೆ ಎದ್ದು ಬರುತ್ತವೆ. ಚಾಕುವಿನಿಂದ ಗೀರಿ, ಟೇಪ್ ಅಂಟಿಸಿ ಎಳೆದು ಮೊದಲೇ ಪರೀಕ್ಷಿಸಬೇಕು. ಪೂರ್ತಿ ತೆಗೆಯುವುದು ಎಷ್ಟು ದೊಡ್ಡ ಕೆಲಸ ನೋಡಿ: ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯಲ್ಲಿ ತುಕ್ಕು ಹೆಚ್ಚಾಗಿ 1965ರಲ್ಲಿ ಮೂಲ ಸೀಸದ ಬಣ್ಣ ತೆಗೆದು ಸತುವಿನ ಪ್ರೈಮರ್ ಬಳಿಯಲು ಶುರುಮಾಡಿದರು. ಮುಗಿದದ್ದು 1995ರಲ್ಲಿ.

ಕೆಲಸಗಾರರ ಬಟ್ಟೆ, ಬೂಟು ಮನೆಗೆ ಹೋಗಲೇಬಾರದು, ಆ ಧೂಳು ಮಕ್ಕಳ ಬಾಯಿಗೆ ಸೇರುತ್ತದೆ. ಕೆರೆದ ಕಸವನ್ನು ಮಾಮೂಲಿ ಕಸಕ್ಕೆ ಹಾಕುವಂತಿಲ್ಲ. ಇನ್ನು, ಶುರುಮಾಡುವ ಮುಂಚೆಯೇ ಸುತ್ತಲಿನ ಮಣ್ಣಿನ ಮಾದರಿ ತೆಗೆದಿಡಿ. ಇಲ್ಲದಿದ್ದರೆ ಆಮೇಲೆ ಮಣ್ಣಲ್ಲಿ ಸಿಕ್ಕ ಸೀಸ ಹಳೆಯದೋ ಈಗ ಬಿದ್ದದ್ದೋ ಅಂತ ಜಗಳ ಶುರುವಾಗುತ್ತದೆ.