ನಾಗರಹೊಳೆ: ಹಡ್ಲು, ಹಾಡಿ ಮತ್ತು ಒಂದು ಹೋಟೆಲ್

ನಾಗರಹೊಳೆ ಸಫಾರಿಯಲ್ಲಿ ಜೀಪು ಜಾಸ್ತಿ ಹೊತ್ತು ನಿಲ್ಲುವುದು ಹಡ್ಲುಗಳ ಹತ್ತಿರ. ದಿಣ್ಣೆಗಳ ನಡುವಿನ ಜೌಗು ತಗ್ಗು, ಬೇಸಿಗೆಯಲ್ಲೂ ಹಸಿ ಹುಲ್ಲು. ಜಿಂಕೆ, ಕಾಟಿ, ಆನೆ ಎಲ್ಲವೂ ಅಲ್ಲಿಗೇ ಇಳಿಯುತ್ತವೆ. ಇಂಥ ಕೆಲವು ಹಡ್ಲುಗಳಲ್ಲಿ ಹಿಂದೆ ಭತ್ತ ಬೆಳೆಯುತ್ತಿದ್ದರು. ಕಾಡೊಳಗೆ ಜನ ಇದ್ದರು. ಜೇನುಕುರುಬರು, ಬೆಟ್ಟಕುರುಬರು, ಯರವರು ಈಗಲೂ ಅಲ್ಲಿನ ಹಾಡಿಗಳಲ್ಲಿ, ಅಂದರೆ ಆದಿವಾಸಿ ಕೇರಿಗಳಲ್ಲಿ, ಇದ್ದಾರೆ.

ನಾಗರಹೊಳೆ ಅಭಯಾರಣ್ಯ ಆಗಿದ್ದು 1955ರಲ್ಲಿ. ಆದರೂ ಆಗ ಈ ಆದಿವಾಸಿಗಳನ್ನು ಬಿಟ್ಟರೆ ಅರಣ್ಯ ಇಲಾಖೆಗೆ ಕೆಲಸ ಸಾಗುತ್ತಿರಲಿಲ್ಲ. ತೇಗದ ಸಸಿ ನೆಡಲು ಇವರೇ ಬೇಕು, ಕಾಕನಕೋಟೆ ಖೆಡ್ಡಾದಲ್ಲಿ ಆನೆ ಹಿಡಿಯಲು, ಪಳಗಿಸಲು ಇವರೇ ಬೇಕು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಕಬಿನಿ ಅಣೆಕಟ್ಟು ಒಂದಷ್ಟು ಕಾಡನ್ನೂ ಊರುಗಳನ್ನೂ ಮುಳುಗಿಸಿತು. ಇವತ್ತು ನಾವು ದುಡ್ಡು ಕೊಟ್ಟು ನೋಡುವ ಹಿನ್ನೀರು ಅದೇ.

1988ರಲ್ಲಿ 643 ಚದರ ಕಿ.ಮೀ. ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಜೇನು ಕೀಳುವುದು, ಗೆಣಸು ಅಗೆಯುವುದು ತಪ್ಪಾಯಿತು. ಎಷ್ಟೋ ಕುಟುಂಬಗಳು ಕೊಡಗಿನ ಕಾಫಿ ತೋಟಗಳ ಲೈನ್ ಮನೆ, ಅಂದರೆ ಕೂಲಿಯವರ ಸಾಲು ಮನೆ, ಸೇರಿದವು. ಬಲವಂತವಾಗಿ ಎಬ್ಬಿಸಿದರು ಅಂತ ಹಾಡಿಯವರು ಹೇಳುತ್ತಾರೆ. ಇಲಾಖೆ ಒಪ್ಪುವುದಿಲ್ಲ.

ಇದರ ನಡುವೆ ಒಂದು ವಿಚಿತ್ರ ನಡೆಯಿತು. 1994ರಲ್ಲಿ ಸರ್ಕಾರ ಉದ್ಯಾನದೊಳಗಿನ ಮೂರ್ಕಲ್‌ನಲ್ಲಿ ತಾಜ್ ಗುಂಪಿನ ರೆಸಾರ್ಟ್‌ಗೆ ಜಾಗವನ್ನು ಗುತ್ತಿಗೆ ಕೊಟ್ಟಿತು. ಗುಡಿಸಲು ಇದ್ದರೆ ಕಾಡು ಹಾಳಾಗುತ್ತದೆ, ಹೋಟೆಲ್ ಇದ್ದರೆ ಇಲ್ಲ, ಅಲ್ವಾ? ಆದಿವಾಸಿಗಳು ಬೀದಿಗಿಳಿದರು, ಕೋರ್ಟಿಗೂ ಹೋದರು. 1997ರ ಜನವರಿಯಲ್ಲಿ ಹೈಕೋರ್ಟ್ ಆ ಗುತ್ತಿಗೆ ಕಾನೂನುಬಾಹಿರ ಎಂದಿತು. ಹೋಟೆಲ್ ತೆರೆಯಲೇ ಇಲ್ಲ.

ಆಮೇಲೆ ಹಾಡಿಗಳನ್ನು ಕಾಡಂಚಿಗೆ ಸ್ಥಳಾಂತರಿಸುವ ಯೋಜನೆ ಶುರುವಾಯಿತು. ಮನೆ, ಜಮೀನು ಸಿಗುತ್ತದೆಂದು ಕೆಲವರು ಹೋದರು. ಒಲ್ಲೆ ಅಂದವರೂ ಇದ್ದರು. 2006ರ ಅರಣ್ಯ ಹಕ್ಕು ಕಾಯ್ದೆ ಲೆಕ್ಕವನ್ನೇ ಬದಲಿಸಿತು. ಹಕ್ಕಿನ ಅರ್ಜಿ ಇತ್ಯರ್ಥ ಆಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಅರ್ಜಿಯನ್ನು ಮೊದಲು ನೋಡಬೇಕಾದ್ದು ಗ್ರಾಮಸಭೆ. ಹುಲಿ ಸಂರಕ್ಷಿತ ಪ್ರದೇಶಕ್ಕೂ ಇದು ಅನ್ವಯಿಸುತ್ತದೆ.

ಈ ಕಾಯ್ದೆಯನ್ನೇ ಹಿಡಿದು 2025ರ ಮೇನಲ್ಲಿ 52 ಜೇನುಕುರುಬ ಕುಟುಂಬಗಳು ಉದ್ಯಾನದೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ವಾಪಸ್ ಬಂದು ಗುಡಿಸಲು ಹಾಕಿದವು. ನಮ್ಮ ದೇವರು, ಹಿರಿಯರ ಸಮಾಧಿ ಇಲ್ಲೇ ಇವೆ ಎಂಬುದು ಅವರ ವಾದ. ಇದು ಅಕ್ರಮ ಪ್ರವೇಶ ಎಂಬುದು ಇಲಾಖೆಯ ವಾದ.