ಮನೆ ಹಿಂದಿನ ಬರೆ: ಎಷ್ಟು ಮಳೆಗೆ ಹೊರಡಬೇಕು?

ಪ್ರಶ್ನೆ: ನಮ್ಮದು ಕೊಡಗಿನ ಮಾದಾಪುರದ ಹತ್ತಿರ, ಬೆಟ್ಟ ಕಡಿದು ಸಮ ಮಾಡಿದ ಜಾಗದಲ್ಲಿ ಕಟ್ಟಿದ ಮನೆ. ಹಿಂದೆ ಎತ್ತರದ ಬರೆ, ಅಂದರೆ ನೆಟ್ಟಗೆ ಕಡಿದ ಮಣ್ಣಿನ ಗೋಡೆ. ಮಳೆಗಾಲ ಶುರುವಾದರೆ ಪಂಚಾಯಿತಿಯಿಂದ ನೋಟಿಸ್ ಬರುತ್ತದೆ, ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಅಂತ ಮೊಬೈಲಿಗೂ ಬರುತ್ತದೆ. ಪ್ರತಿ ಸಲ ಮನೆ ಬಿಟ್ಟು ಹೋಗಲು ಆಗುತ್ತದೆಯೇ? ನಿಜವಾಗಿ ಯಾವಾಗ ಹೊರಡಬೇಕು?

ಉತ್ತರ: ಮೂರು ದಿನದ ಮಳೆ ಕೂಡಿಸಿ ನೋಡಿ, ಹಗಲಿರುವಾಗಲೇ ಹೊರಡಿ. ಬರೆಯೇ ಏನಾದರೂ ಸೂಚನೆ ಕೊಡಲಿ ಎಂದು ಕಾಯಬೇಡಿ.

ಮೊದಲು ಆ ಬಣ್ಣಗಳ ವಿಷಯ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 115.6ರಿಂದ 204.4 ಮಿಲಿಮೀಟರ್ ಬಿದ್ದರೆ ಅದು ಅತಿ ಭಾರಿ ಮಳೆ. ಸಾಮಾನ್ಯವಾಗಿ ಆರೆಂಜ್ ಬರುವುದು ಇದಕ್ಕೆ. ಅದನ್ನೂ ಮೀರುವಂತಿದ್ದರೆ ರೆಡ್. ನಮ್ಮ ತೋಟದ ಭಾಷೆಯಲ್ಲಿ ಹೇಳುವುದಾದರೆ ನಾಲ್ಕೂವರೆ ಇಂಚಿನಿಂದ ಎಂಟು ಇಂಚಿನವರೆಗೆ ಆರೆಂಜ್, ಎಂಟರ ಮೇಲೆ ರೆಡ್. ತೊಂದರೆ ಏನೆಂದರೆ, ಈ ಬಣ್ಣ ಇಡೀ ಜಿಲ್ಲೆಗೆ ಒಂದೇ. ಭಾಗಮಂಡಲದಲ್ಲಿ ವರ್ಷಕ್ಕೆ 200 ಇಂಚು ದಾಟಿದರೆ ಯಾರೂ ಹುಬ್ಬೇರಿಸುವುದಿಲ್ಲ, ಕುಶಾಲನಗರದಲ್ಲಿ ಅದರ ಕಾಲು ಭಾಗ ಬಿದ್ದರೇ ಜಾಸ್ತಿ. ಹಾಗಾಗಿ ರೆಡ್ ಬಂದ ದಿನ ನಿಮ್ಮಲ್ಲಿ ಬಿಸಿಲು ಕಂಡರೆ ‘ಇವರದ್ದು ಯಾವಾಗಲೂ ಇದೇ’ ಅನ್ನಿಸುವುದು ಸಹಜ. ಆದರೆ ಅಲರ್ಟ್ ಹೇಳುವುದು ನಾಳೆ ಬೀಳಬಹುದಾದ ಮಳೆಯನ್ನು ಮಾತ್ರ. ನಿಮ್ಮ ಬರೆ ಇಷ್ಟರೊಳಗೆ ಎಷ್ಟು ನೀರು ಕುಡಿದಿದೆ ಎಂಬುದು ಅದರಲ್ಲಿ ಇರುವುದಿಲ್ಲ.

ಆ ಲೆಕ್ಕ ಸಿಗುವುದು ಮಳೆ ಪುಸ್ತಕದಲ್ಲಿ. ಕೊಡಗಿನಲ್ಲಿ ಇದಕ್ಕೆ ಯಾರನ್ನೂ ಹೊಸದಾಗಿ ತಯಾರು ಮಾಡಬೇಕಾಗಿಲ್ಲ. ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ‘ನಿನ್ನೆ ಎರಡು ಇಂಚು ನಲವತ್ತು ಸೆಂಟ್ಸ್’ (ಇಂಚಿನ ನೂರರಲ್ಲೊಂದು ಭಾಗ ಒಂದು ಸೆಂಟ್) ಎಂದು ಬರೆದಿಡುವ ಕಾಫಿ ತೋಟದವರು ಊರಿಗೊಬ್ಬರಾದರೂ ಇರುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆಗೆ ತೋರಿಸುವ ಶ್ರದ್ಧೆಯನ್ನು ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಮಳೆಗೂ ತೋರಿಸಿದರೆ ಸಾಕು. ಅವರ ಹತ್ತಿರ ಹೋಗಿ 2018ರ ಆಗಸ್ಟ್ ಪುಟ ತೆಗೆಸಿ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಬೆಟ್ಟಗಳು ಜರಿದದ್ದು ಆ ತಿಂಗಳ ನಡುವಿನಲ್ಲಿ. ಅದಕ್ಕೆ ಹಿಂದಿನ ಮೂರು ದಿನ ನಿಮ್ಮ ಊರಲ್ಲಿ ಒಟ್ಟು ಎಷ್ಟು ಇಂಚು ಬಿದ್ದಿತ್ತು, ಕೂಡಿಸಿ. ಈ ವರ್ಷ ಯಾವುದೇ ಮೂರು ದಿನದ ಮೊತ್ತ ಅದರ ಅರ್ಧ ಮುಟ್ಟಿದರೆ, ಮೇಲೆ ಅಲರ್ಟ್ ಕೂಡ ಇದ್ದರೆ, ಹೊರಡುವುದೇ. ಈ ‘ಅರ್ಧ’ ನನ್ನ ಅಂದಾಜಿನ ಗೆರೆ, ವಿಜ್ಞಾನಿಗಳು ಹಾಕಿಕೊಟ್ಟದ್ದಲ್ಲ. ಆದರೆ ನಡುರಾತ್ರಿ ಮನೆಯವರೆಲ್ಲ ಸೇರಿ ಚರ್ಚೆ ಮಾಡುವುದಕ್ಕಿಂತ ಮೊದಲೇ ಒಪ್ಪಿಕೊಂಡ ಒಂದು ಅಂಕಿ ಇರುವುದು ಮೇಲು. ಮಳೆಮಾಪಕ ಇಲ್ಲದಿದ್ದರೆ ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಯಾವ ಡಬ್ಬಿಯಾದರೂ ಆದೀತು. ಮರ, ಸೂರುಗಳಿಂದ ದೂರ ಇಟ್ಟು, ನಿಂತ ನೀರಿನ ಆಳವನ್ನು ಸ್ಕೇಲಿನಲ್ಲಿ ಅಳೆದು ಚೆಲ್ಲಿ.

ಮೂರು ದಿನ ಯಾಕೆ? ಇಲ್ಲಿ ಬಂಡೆಯ ಮೇಲೆ ಶಿಥಿಲವಾದ ಮಣ್ಣಿನ ದಪ್ಪ ಪದರ ಕೂತಿದೆ. ನೀರು ಇಳಿದಂತೆಲ್ಲ ಮಣ್ಣಿನ ತೂಕ ಏರುತ್ತದೆ. ಕಣಗಳ ನಡುವೆ ತುಂಬಿದ ನೀರಿನ ಒತ್ತಡದಿಂದ ಅವುಗಳ ಹಿಡಿತ ಸಡಿಲವಾಗುತ್ತದೆ. 2018ರಲ್ಲಿ ಜೂನ್, ಜುಲೈಯಲ್ಲೇ ವಾಡಿಕೆಗಿಂತ ಹೆಚ್ಚು ಸುರಿದು ನೆಲ ನೆನೆದು ಕೂತಿತ್ತು, ಆಗಸ್ಟಿನ ಮಳೆ ಅದರ ಮೇಲೆ ಬಿತ್ತು. ಇನ್ನು ಮನೆಗಾಗಿ, ರಸ್ತೆಗಾಗಿ, ಹೋಂಸ್ಟೇಗಾಗಿ ಜೆಸಿಬಿ ತಂದು ಇಳಿಜಾರಿನ ಬುಡವನ್ನೇ ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಎಲ್ಲಿ? ಆ ವರ್ಷದ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರೂ ಬೊಟ್ಟು ಮಾಡಿದ್ದು ಇಂಥ ಕಡಿತಗಳತ್ತಲೇ. ನೀರು ಒಳಗೆ ಇಳಿಯಲು ಹೊತ್ತು ಹಿಡಿಯುವುದರಿಂದ ಮಳೆ ಕಡಿಮೆಯಾದ ಮೇಲೂ ಬರೆ ಜರಿಯಬಹುದು. ‘ಈಗ ಹೊಳವಾಯಿತಲ್ಲ’ ಎಂದು ಒಂದೇ ದಿನಕ್ಕೆ ವಾಪಸು ಬರುವುದು ಅಪಾಯ ಎನ್ನುವುದು ಇದಕ್ಕೇ.

ಹಗಲಲ್ಲೇ ಎಂದೆನಲ್ಲ, ಅದಕ್ಕೂ ಕಾರಣವಿದೆ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟ ಜರಿದು ಅರ್ಚಕರ ಮನೆಯನ್ನು ಕೊಚ್ಚಿಕೊಂಡು ಹೋದದ್ದು ರಾತ್ರಿ. 2024ರ ಜುಲೈ 30ರಂದು ಪಕ್ಕದ ವಯನಾಡಿನ ಮುಂಡಕೈ, ಚೂರಲ್‌ಮಲದಲ್ಲಿ ಆದದ್ದೂ ಬೆಳಗಾಗುವ ಮೊದಲು. ವಯನಾಡಿನಿಂದ ಇನ್ನೊಂದು ವಿಷಯ ತಿಳಿಯಬೇಕು: ಅಲ್ಲಿ ಮನೆಗಳ ಹಿಂದಿನ ಬರೆ ಬೀಳಲಿಲ್ಲ. ಎಷ್ಟೋ ಮೇಲೆ ಒಡೆದ ಬೆಟ್ಟ ಹೊಳೆಯ ದಾರಿ ಹಿಡಿದು ಕಲ್ಲು, ಮರ, ಕೆಸರಿನ ಸಮೇತ ಇಳಿಯಿತು. ಬರೆಯೇ ಇಲ್ಲದ, ತೋಡಿನ (ಸಣ್ಣ ಹಳ್ಳದ) ಪಕ್ಕದ ಸಮತಟ್ಟು ಜಾಗದ ಮನೆಯೂ ಕ್ಷೇಮವಲ್ಲ. ತೋಟದ ಲೈನ್ ಮನೆಗಳು ಎಷ್ಟೋ ಕಡೆ ಇರುವುದು ಇಂಥ ತಗ್ಗಿನಲ್ಲೇ. ಅಲ್ಲಿರುವ ಅಸ್ಸಾಮಿನ ಕಾರ್ಮಿಕರಿಗೆ ಕನ್ನಡದ ನೋಟಿಸ್ ಓದಲು ಬರುವುದಿಲ್ಲ, ಈ ಊರಿನ ಮಳೆಯೂ ಹೊಸದು. ಅವರನ್ನು ಎಬ್ಬಿಸಿ ಕರೆದೊಯ್ಯುವ ಜವಾಬ್ದಾರಿ ತೋಟದ ಮಾಲೀಕರದ್ದು.

ಅಂಕಿ ಮುಟ್ಟುವ ಮೊದಲೇ ಕೆಲವು ಕುರುಹು ಕಂಡರೆ ಲೆಕ್ಕ ಬದಿಗಿಟ್ಟು ಹೊರಡಿ: ಬರೆಯ ತಲೆಯ ಮೇಲೆ ಅರ್ಧಚಂದ್ರಾಕಾರದ ಬಿರುಕು, ಸಿಲ್ವರ್ ಓಕ್ ಮರವೋ ಕರೆಂಟ್ ಕಂಬವೋ ವಾಲುವುದು, ನಿನ್ನೆವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಬಿಗಿಯಾಗುವುದು, ಹೊಸ ಜಾಗದಲ್ಲಿ ಒರತೆ ಏಳುವುದು, ತಿಳಿಯಾಗಿದ್ದ ಒರತೆ ಕೆಂಪಾಗುವುದು. ಎಲ್ಲಕ್ಕಿಂತ ಕೆಟ್ಟದ್ದು, ಮಳೆ ಹೊಯ್ಯುತ್ತಿರುವಾಗಲೇ ತೋಡಿನ ನೀರು ಥಟ್ಟನೆ ಇಳಿಯುವುದು. ಮೇಲೆಲ್ಲೋ ಮಣ್ಣು ಕುಸಿದು ನೀರಿಗೆ ಅಡ್ಡ ಕಟ್ಟಿರಬಹುದು. ಆ ಕಟ್ಟೆ ಒಡೆಯಲು ಹೆಚ್ಚು ಹೊತ್ತು ಬೇಡ. ನೋಡಿ ಬರೋಣ ಎಂದು ಮೇಲೆ ಹತ್ತಬೇಡಿ. ತೋಡಿನ ಉದ್ದಕ್ಕೂ ಓಡದೆ, ಅದರಿಂದ ಪಕ್ಕಕ್ಕೆ, ಎತ್ತರದ ಕಡೆಗೆ ಸರಿಯಿರಿ.

ಹೋಗುವುದೆಲ್ಲಿಗೆ? 2018ರಲ್ಲಿ ಮಡಿಕೇರಿಯ ದಾರಿ ಮುಚ್ಚಿದಾಗ ಜೋಡುಪಾಲದ ಕಡೆಯ ಎಷ್ಟೋ ಮಂದಿ ಘಟ್ಟ ಇಳಿದು ಸುಳ್ಯ ತಾಲ್ಲೂಕಿನ ಪರಿಹಾರ ಕೇಂದ್ರಗಳನ್ನು ಸೇರಿದರು. ನಿಮಗೂ ಎರಡು ದಿಕ್ಕಿನ ದಾರಿ ಗೊತ್ತಿರಲಿ. ಕಾಳಜಿ ಕೇಂದ್ರ (ಸರ್ಕಾರದ ಪರಿಹಾರ ಕೇಂದ್ರ) ಎಂದರೆ ಮುಜುಗರ ಪಡುವವರು ನೆಂಟರ ಮನೆಗೆ ಈಗಲೇ ಹೇಳಿಡಿ, ಆದರೆ ಅವರ ಮನೆಯ ಹಿಂದೆಯೂ ಬರೆ ಇದೆಯೋ ನೋಡಿಕೊಳ್ಳಿ. ಕರೆಂಟ್ ಹೋದರೆ ಟವರ್ ಕೂಡ ಬಹಳ ಹೊತ್ತು ಬಾಳುವುದಿಲ್ಲ, ಆದ್ದರಿಂದ ಮನೆಯವರು ಕೂಡುವ ಜಾಗ ಮಾತಾಡಿಟ್ಟಿರಬೇಕು. ಜಿಲ್ಲಾ ಕಂಟ್ರೋಲ್ ರೂಮ್ 1077, ತುರ್ತು ನೆರವಿಗೆ 112. ಆಧಾರ್, ಆರ್‌ಟಿಸಿ, ಪಾಸ್‌ಬುಕ್, ಅಜ್ಜ ಅಜ್ಜಿಯ ಔಷಧಿ ಒಂದು ಪ್ಲಾಸ್ಟಿಕ್ ಚೀಲದಲ್ಲಿರಲಿ. ಹೊರಡುವ ಮುಂಚೆ ಮನೆಯ ಒಳಗೆ ಹೊರಗೆ ಫೋಟೊ ತೆಗೆದಿಡಿ, ನಾಳೆ ಪರಿಹಾರದ ಅರ್ಜಿಗೆ ಬೇಕಾಗುತ್ತದೆ. ಜನ ಹೆಚ್ಚಾಗಿ ಹಿಂದೇಟು ಹಾಕುವುದು ಹಸು, ನಾಯಿಗಳಿಗಾಗಿ. ಕೂಡಿದರೆ ಹಿಂದಿನ ದಿನವೇ ಬೇರೆಡೆ ಸಾಗಿಸಿ, ಇಲ್ಲದಿದ್ದರೆ ಹಗ್ಗ, ಸರಪಳಿ ಬಿಚ್ಚಿ ಹೋಗಿ. ಕಟ್ಟಿಹಾಕಿ ಮಾತ್ರ ಬಿಡಬೇಡಿ.

ವಾಪಸು ಬರುವಾಗ ಮೊದಲು ನೋಡಬೇಕಾದ್ದು ಬರೆಯ ತಲೆ. ಬಿರುಕಿದ್ದರೆ ಅದರ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ನಡುವಿನ ಅಂತರ ಬರೆದಿಟ್ಟು, ದಿನಾ ಅಳೆಯಿರಿ. ಇದನ್ನು ಮಳೆ ಪೂರ್ತಿ ಬಿಟ್ಟ ಮೇಲೆ ಮಾತ್ರ ಮಾಡಿ. ಅಂತರ ಬೆಳೆಯುತ್ತಿದ್ದರೆ ಆ ಮನೆಯಲ್ಲಿ ರಾತ್ರಿ ಮಲಗಬೇಡಿ. ಅಳತೆಯ ಚೀಟಿ, ಫೋಟೊ ಸಮೇತ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಭೂವಿಜ್ಞಾನಿಗಳಿಂದ ಜಾಗ ಪರಿಶೀಲನೆ ಮಾಡಿಸಲು ಕೇಳಿ, ಸ್ವೀಕೃತಿ ಪಡೆದುಕೊಳ್ಳಿ.